‘ಸರ್ವರ್ ಡೌನ್’ ಅಂದಾಗ ನಿಜಕ್ಕೂ ಡೌನ್ ಆಗಿರುವುದು ಏನು? ಹೊರಗೆ ಬಾರದ ಪ್ರಿಂಟ್‌ನ ಹಿಂದಿನ ವಿಷಯ

ತದಡಿಯಿಂದ ತಾರಿ ದಾಟಿ ಅಘನಾಶಿನಿಗೆ ಬಂದು, ಅಲ್ಲಿಂದ ಬಸ್ಸು ಹಿಡಿದು ಕುಮಟೆಗೆ ಬರುವವರಿಗೆ ಒಂದು ಕಾಗದ ಅಂದರೆ ಅರ್ಧ ದಿನದ ಕೂಲಿ. ಆ ಕಾಗದ ರೈಲ್ವೆ ಟಿಕೆಟ್ ಇರಬಹುದು, ಪಹಣಿ ಇರಬಹುದು, ಪಾಸ್‌ಬುಕ್‌ನಲ್ಲಿ ಪಿಂಚಣಿ ಜಮಾ ಆದ ಒಂದು ಸಾಲು ಇರಬಹುದು. ಹೊನ್ನಾವರ, ಭಟ್ಕಳದ ಕಡೆಯವರಿಗೂ ಇದು ಹೊಸದಲ್ಲ. ಕೌಂಟರಿನ ಒಳಗಿಂದ ‘ಸರ್ವರ್ ಡೌನ್’ ಎಂಬ ಎರಡು ಶಬ್ದ ಬಂದರೆ ಮುಗಿಯಿತು, ಜನ ಬಂದ ದಾರಿಗೆ ಸುಂಕವಿಲ್ಲ ಎಂದು ವಾಪಸ್ ಹೊರಡುತ್ತಾರೆ. ತಮ್ಮ ಕೆಲಸ ಆಗಿದೆಯೋ ಇಲ್ಲವೋ ಎಂದು ಕೇಳುವವರು ಕಡಿಮೆ.

ಈ ಎರಡು ಶಬ್ದದ ಸುತ್ತ ಮೂರು ನಂಬಿಕೆಗಳು ಬೆಳೆದುಕೊಂಡಿವೆ. ಕಾಗದ ಬರಲಿಲ್ಲ ಅಂದರೆ ಕೆಲಸವೇ ಆಗಿಲ್ಲ ಅನ್ನುವುದು ಒಂದು. ಪ್ರಿಂಟರ್ ಆಫ್ ಮಾಡಿ ಆನ್ ಮಾಡಿದರೆ ಎಲ್ಲ ಸರಿಹೋಗುತ್ತದೆ ಅನ್ನುವುದು ಇನ್ನೊಂದು. ಪ್ರಿಂಟರ್ ತಾನಾಗಿಯೇ ಅರ್ಥವಾಗದ ಅಕ್ಷರ ಹೊಡೆದರೆ ಅದು ಹ್ಯಾಕ್ ಆಗಿದೆ ಅನ್ನುವುದು ಮೂರನೆಯದು. ಮೂರರಲ್ಲೂ ಚೂರು ಸತ್ಯ ಇದೆ, ಹಾಗಾಗಿಯೇ ಅವು ಫಾರ್ವರ್ಡ್‌ಗಳಲ್ಲಿ ಸುಲಭವಾಗಿ ಓಡಾಡುತ್ತವೆ. ಆದರೆ ಮೊದಲನೆಯದನ್ನು ಪೂರ್ತಿ ನಂಬಿದವರು ದುಡ್ಡು ಕಳೆದುಕೊಳ್ಳಬಹುದು. ಹೇಗೆ ಅನ್ನುವುದಕ್ಕೆ ಕಾಗದ ಎಲ್ಲಿಂದ ಹೊರಟು ಎಲ್ಲಿಗೆ ಬರುತ್ತದೆ ಎಂಬುದನ್ನು ನೋಡಬೇಕು.

ದೊಡ್ಡ ಯಂತ್ರ ಎಲ್ಲೋ, ಕಾಗದ ಇಲ್ಲಿ

ನಿಮ್ಮ ಮನೆಯ ಪ್ರಿಂಟರ್‌ಗೂ ಕೌಂಟರಿನ ಪ್ರಿಂಟರ್‌ಗೂ ದೊಡ್ಡ ವ್ಯತ್ಯಾಸ ಇದೆ. ಮನೆಯಲ್ಲಿ ಕಂಪ್ಯೂಟರ್ ಮತ್ತು ಪ್ರಿಂಟರ್ ಒಂದೇ ಮೇಜಿನ ಮೇಲೆ ಇರುತ್ತವೆ. ಕೌಂಟರಿನಲ್ಲಿ ಲೆಕ್ಕ ಮಾಡುವ ಯಂತ್ರ ನೂರಾರು ಕಿಲೋಮೀಟರ್ ದೂರದಲ್ಲಿದ್ದು, ಕಾಗದ ಮಾತ್ರ ನಮ್ಮೂರಿನಲ್ಲಿ ಮುದ್ರಣವಾಗುತ್ತದೆ.

ರೈಲ್ವೆ ಮುಂಗಡ ಟಿಕೆಟ್ ಇದಕ್ಕೆ ಒಳ್ಳೆಯ ಉದಾಹರಣೆ. ಪಿಆರ್‌ಎಸ್ ಎಂದು ಕರೆಯುವ ಈ ವ್ಯವಸ್ಥೆ 1985ರಲ್ಲಿ ದಿಲ್ಲಿಯಲ್ಲಿ ಪ್ರಾಯೋಗಿಕವಾಗಿ ಶುರುವಾಯಿತು. ಮರುವರ್ಷ, 1986ರಲ್ಲಿ, ರೈಲ್ವೆಯ ಕಂಪ್ಯೂಟರ್ ಕೆಲಸಕ್ಕೆಂದೇ ಕ್ರಿಸ್ ಎಂಬ ಸಂಸ್ಥೆ ಹುಟ್ಟಿತು. ಆಗ ಬಳಸಿದ್ದು ಅಮೆರಿಕದ ಡಿಜಿಟಲ್ ಇಕ್ವಿಪ್‌ಮೆಂಟ್ ಕಂಪನಿಯ ವ್ಯಾಕ್ಸ್ ಯಂತ್ರಗಳು. ಅವುಗಳ ಆಪರೇಟಿಂಗ್ ಸಿಸ್ಟಂ ಹೆಸರು ವಿಎಂಎಸ್, ಮುಂದೆ ಅದೇ ಓಪನ್‌ವಿಎಂಎಸ್ ಆಯಿತು. 1990ರ ದಶಕದಲ್ಲಿ ಕಾನ್ಸರ್ಟ್ ಎಂಬ ತಂತ್ರಾಂಶ ಬಂದು ದಿಲ್ಲಿ, ಮುಂಬಯಿ, ಕೋಲ್ಕತ್ತಾ, ಚೆನ್ನೈ, ಸಿಕಂದರಾಬಾದ್ ಎಂಬ ಐದು ಕೇಂದ್ರಗಳು ಒಂದಕ್ಕೊಂದು ಬೆಸೆದುಕೊಂಡವು. ಕೊಂಕಣ ರೈಲ್ವೆಯ ಪೂರ್ತಿ ಮಾರ್ಗ 1998ರಲ್ಲಿ ತೆರೆದುಕೊಂಡಿದ್ದೂ ಹೆಚ್ಚುಕಡಿಮೆ ಅದೇ ಕಾಲಕ್ಕೆ. ಅಂದರೆ ಕುಮಟೆಯ ಕೌಂಟರಿನಲ್ಲಿ ಗುಮಾಸ್ತರು ನಿಮ್ಮ ಹೆಸರು ಟೈಪ್ ಮಾಡಿದಾಗ ಸೀಟು ಹುಡುಕುವುದು, ಪಿಎನ್‌ಆರ್ ಕೊಡುವುದು, ದುಡ್ಡಿನ ಲೆಕ್ಕ ಬರೆದುಕೊಳ್ಳುವುದು ಎಲ್ಲವೂ ದೂರದ ಕೇಂದ್ರದ ಕೆಲಸ. ಕೌಂಟರಿನ ಕರ್ಕಶ ಸದ್ದಿನ ಪ್ರಿಂಟರ್ ಬರೀ ಕೊನೆಯ ಕೈ.

ಕಟ್ಟುನಿಟ್ಟಾಗಿ ಹೇಳುವುದಾದರೆ ‘ಮೇನ್‌ಫ್ರೇಮ್’ ಅನ್ನುವ ಹೆಸರು ಐಬಿಎಂನಂಥವರ ಇನ್ನೂ ದೊಡ್ಡ ಯಂತ್ರಗಳಿಗೆ ಸಲ್ಲುತ್ತದೆ. ಐಬಿಎಂ 1964ರಲ್ಲಿ ಪ್ರಕಟಿಸಿದ ಸಿಸ್ಟಂ 360 ಅದರ ಮೂಲಪುರುಷ. ಇಂದಿನ ಝಡ್‌ಒಎಸ್ ಎಂಬ ಆಪರೇಟಿಂಗ್ ಸಿಸ್ಟಂ ಆ ವಂಶದ್ದೇ, ಜಗತ್ತಿನ ದೊಡ್ಡ ಬ್ಯಾಂಕು, ವಿಮಾ ಕಂಪನಿಗಳಲ್ಲಿ ಈಗಲೂ ಓಡುತ್ತಿದೆ. ನಮ್ಮ ಬ್ಯಾಂಕುಗಳ ಕೋರ್ ಬ್ಯಾಂಕಿಂಗ್ ಹೆಚ್ಚಾಗಿ ಬೇರೆ ಬಗೆಯ ಸರ್ವರ್‌ಗಳ ಮೇಲಿದೆ. ಆದರೆ ದೂರದ ದೊಡ್ಡ ಯಂತ್ರದಿಂದ ಊರಿನ ಪ್ರಿಂಟರ್‌ಗೆ ಕಾಗದ ಕಳಿಸುವ ತಲೆನೋವು ಮೂರು ಕಡೆಯೂ ಒಂದೇ ಜಾತಿಯದು. ಹಾಗಾಗಿ ಇಲ್ಲಿ ಮೂರನ್ನೂ ಒಟ್ಟಿಗೆ ನೋಡುತ್ತೇವೆ.

ಗಿರಣಿಯಲ್ಲಿ ಇಟ್ಟ ಚೀಲ

ದೊಡ್ಡ ಯಂತ್ರ ಬಹಳ ಚುರುಕು, ಪ್ರಿಂಟರ್ ಬಹಳ ನಿಧಾನ. ಇದು ಇಂದಿನ ಸಮಸ್ಯೆ ಅಲ್ಲ. 1959ರಲ್ಲಿ ಐಬಿಎಂ ತಂದ 1403 ಪ್ರಿಂಟರ್ ನಿಮಿಷಕ್ಕೆ 600 ಸಾಲು ಹೊಡೆಯುತ್ತಿತ್ತು, ಒಂದೊಂದು ಸಾಲಿನಲ್ಲಿ 132 ಅಕ್ಷರ. ಆ ಕಾಲಕ್ಕೆ ಅದು ಬೆರಗು ಹುಟ್ಟಿಸುವ ವೇಗ. ಆದರೂ ಕಂಪ್ಯೂಟರಿನ ಲೆಕ್ಕದಲ್ಲಿ ಅದು ಆಮೆ. ಲಕ್ಷಗಟ್ಟಲೆ ಡಾಲರಿನ ಯಂತ್ರ ಪ್ರಿಂಟರ್ ಮುಗಿಸಲಿ ಎಂದು ಕಾಯುತ್ತ ಕೂತರೆ ಯಾರಿಗೆ ಹೊಟ್ಟೆ ಉರಿಯುವುದಿಲ್ಲ?

ಅದಕ್ಕೆ ಕಂಡುಕೊಂಡ ಉಪಾಯವೇ ಸ್ಪೂಲ್. ಹಿಟ್ಟಿನ ಗಿರಣಿಗೆ ಹೋದಾಗ ನಾವು ಏನು ಮಾಡುತ್ತೇವೆ? ಚೀಲಕ್ಕೆ ಹೆಸರಿನ ಚೀಟಿ ಸಿಕ್ಕಿಸಿ ಸಾಲಿನಲ್ಲಿ ಇಟ್ಟು, ಪೇಟೆಯ ಬೇರೆ ಕೆಲಸಕ್ಕೆ ಹೋಗುತ್ತೇವೆ. ಗಿರಣಿಯವರು ಒಂದೊಂದೇ ಚೀಲ ತೆಗೆದು ಬೀಸುತ್ತಾರೆ. ಕಂಪ್ಯೂಟರ್ ಕೂಡ ಹಾಗೆಯೇ ಮುದ್ರಿಸಬೇಕಾದ್ದನ್ನು ಪ್ರಿಂಟರ್‌ಗೆ ನೇರ ಕೊಡದೆ ಡಿಸ್ಕ್‌ನಲ್ಲಿ ಸಾಲಾಗಿ ಇಟ್ಟು ಮುಂದಿನ ಕೆಲಸಕ್ಕೆ ಹೋಗುತ್ತದೆ. 1960ರ ದಶಕದಲ್ಲಿ ಹ್ಯೂಸ್ಟನ್‌ನ ನಾಸಾ ಕೇಂದ್ರದಲ್ಲಿ ಕೆಲಸ ಮಾಡುತ್ತಿದ್ದ ಐಬಿಎಂ ಮಂದಿ ಹಾಸ್ಪ್ ಎಂಬ ಇಂಥದೊಂದು ವ್ಯವಸ್ಥೆ ಬರೆದರು. ಅದರಲ್ಲಿರುವ ‘ಎಚ್’ ಅಕ್ಷರ ಹ್ಯೂಸ್ಟನ್ನಿನದೇ. ಇಂದಿನ ಮೇನ್‌ಫ್ರೇಮ್‌ಗಳಲ್ಲಿರುವ ಜೆಸ್2 ಅದರ ಮಗು, ಅದು ಪರದೆಯ ಮೇಲೆ ತೋರಿಸುವ ಸಂದೇಶಗಳು ಈಗಲೂ ಹಾಸ್ಪ್ ಎಂಬ ಹೆಸರಿನಿಂದಲೇ ಶುರುವಾಗುತ್ತವೆ.

ಈಗ ಗಿರಣಿಯ ಕಷ್ಟಗಳನ್ನು ನೆನೆಸಿಕೊಳ್ಳಿ. ಮುಂದಿನ ಚೀಲದಲ್ಲಿ ಕಲ್ಲು ಇದ್ದರೆ ಗಿರಣಿ ನಿಲ್ಲುತ್ತದೆ, ಹಿಂದಿನ ಹತ್ತು ಚೀಲವೂ ನಿಲ್ಲುತ್ತವೆ. ನಿಮ್ಮ ಚೀಲದಲ್ಲಿ ತಪ್ಪೇನೂ ಇಲ್ಲ, ಆದರೂ ಹಿಟ್ಟು ಬರುವುದಿಲ್ಲ. ಪ್ರಿಂಟ್ ಸಾಲಿನಲ್ಲೂ ಹೀಗೇ ಒಂದು ಕೆಟ್ಟ ಫೈಲ್ ಎಲ್ಲವನ್ನೂ ಕಟ್ಟಿ ಹಾಕುತ್ತದೆ. ಇನ್ನೊಂದು ಸಂಗತಿ: ರಾಗಿ ಬೀಸುವ ಕಲ್ಲಿಗೆ ಗೋಧಿ ಹಾಕುವುದಿಲ್ಲ ಎಂದು ಗಿರಣಿಯವರು ಚೀಲವನ್ನು ಬದಿಗಿಡಬಹುದು. ಮೇನ್‌ಫ್ರೇಮ್‌ನಲ್ಲಿ ಇದು ತೀರಾ ಸಾಮಾನ್ಯ. ಚೆಕ್ಕಿನಂಥ ವಿಶೇಷ ಕಾಗದ ಬೇಕೆಂದು ಕೆಲಸದ ಜೊತೆ ಬರೆದಿದ್ದರೆ, ಆ ಕಾಗದ ಹಾಕಿದ್ದೇವೆ ಎಂದು ಯಾರಾದರೂ ಹೇಳುವ ತನಕ ಯಂತ್ರ ಸುಮ್ಮನೆ ಕಾಯುತ್ತದೆ. ಪ್ರಿಂಟರ್ ಎದುರು ನಿಂತವರಿಗೆ ಅದು ಕೆಟ್ಟುಹೋದಂತೆ ಕಾಣುತ್ತದೆ. ಅದು ಕೆಟ್ಟಿಲ್ಲ, ಉತ್ತರಕ್ಕೆ ಕಾಯುತ್ತಿದೆ.

ಹಾಗಾಗಿ ಈ ಕೆಲಸ ಗೊತ್ತಿದ್ದವರು ಮೊದಲು ಪ್ರಿಂಟರ್ ಮುಟ್ಟುವುದಿಲ್ಲ. ಚೀಲ ಸಾಲಿನಲ್ಲಿ ಇದೆಯೇ ಎಂದು ನೋಡುತ್ತಾರೆ. ಓಪನ್‌ವಿಎಂಎಸ್‌ನಲ್ಲಿ ಸಾಲಿನ ಸ್ಥಿತಿ ಕೇಳಿದರೆ ಅದು ನೇರವಾಗಿ ಹೇಳುತ್ತದೆ: ಪ್ರಿಂಟರ್ ಉತ್ತರ ಕೊಡುತ್ತಿಲ್ಲ ಎಂದರೆ ‘ಸ್ಟಾಲ್ಡ್’, ಯಾರೋ ನಿಲ್ಲಿಸಿದ್ದಾರೆ ಎಂದರೆ ‘ಸ್ಟಾಪ್ಡ್’, ಕೆಲಸವನ್ನೇ ತಡೆಹಿಡಿದಿದ್ದರೆ ‘ಹೋಲ್ಡಿಂಗ್’. ಮೂರಕ್ಕೂ ಮದ್ದು ಬೇರೆ. ಹೊರಗೆ ನಿಂತ ನಮಗೆ ಮಾತ್ರ ಮೂರಕ್ಕೂ ಒಂದೇ ಹೆಸರು ಕೇಳಿಸುತ್ತದೆ. ಆ ಮೂರೂ ಸಂದರ್ಭದಲ್ಲಿ ಸರ್ವರ್ ಚೆನ್ನಾಗಿಯೇ ಇದೆ ಎಂಬುದನ್ನು ಗಮನಿಸಿ.

ನೀಲಿ ಟಿಕ್ ಇಲ್ಲದ ಲೋಕ

ವಾಟ್ಸ್ಆ್ಯಪ್ ಬಳಸುವವರಿಗೆ ಮುಂದಿನ ವಿಷಯ ಸಲೀಸಾಗಿ ಅರ್ಥವಾಗುತ್ತದೆ. ಒಂದು ಬೂದು ಟಿಕ್ ಅಂದರೆ ಸಂದೇಶ ಹೊರಟಿದೆ. ಎರಡು ಬೂದು ಟಿಕ್ ಅಂದರೆ ಅವರ ಫೋನಿಗೆ ತಲುಪಿದೆ. ನೀಲಿ ಟಿಕ್ ಅಂದರೆ ಓದಿದ್ದಾರೆ.

ನೆಟ್‌ವರ್ಕ್ ಮೂಲಕ ಪ್ರಿಂಟ್ ಕಳಿಸುವ ಹಳೆಯ, ಈಗಲೂ ಬಳಕೆಯಲ್ಲಿರುವ ಪದ್ಧತಿಯ ಹೆಸರು ಎಲ್‌ಪಿಡಿ. ಅದರ ನಿಯಮಗಳನ್ನು 1990ರ ಆಗಸ್ಟ್‌ನಲ್ಲಿ ಆರ್‌ಎಫ್‌ಸಿ 1179 ಎಂಬ ದಾಖಲೆಯಲ್ಲಿ ಬರೆದಿಟ್ಟರು. ಆ ಪದ್ಧತಿಯಲ್ಲಿ ಕಳಿಸುವ ಯಂತ್ರಕ್ಕೆ ಸಿಗುವುದು ಎರಡು ಬೂದು ಟಿಕ್ ಮಾತ್ರ. ‘ನಿನ್ನ ಫೈಲ್ ನನಗೆ ತಲುಪಿತು’ ಎಂದು ಪ್ರಿಂಟರ್ ಹೇಳುತ್ತದೆ. ಅದು ಕಾಗದದ ಮೇಲೆ ಮೂಡಿತೋ, ಕಾಗದ ಸಿಕ್ಕಿಕೊಂಡಿತೋ, ರಿಬ್ಬನ್ ಒಣಗಿ ಬಿಳಿ ಹಾಳೆ ಬಂತೋ ಎಂದು ಹೇಳುವ ಏರ್ಪಾಡು ಅದರಲ್ಲಿ ಇಲ್ಲ. ದೂರದ ಯಂತ್ರ ಎರಡು ಟಿಕ್ ನೋಡಿ ‘ಮುದ್ರಣವಾಯಿತು’ ಎಂದು ಬರೆದುಕೊಂಡು ತನ್ನ ಪ್ರತಿಯನ್ನು ಅಳಿಸಿಬಿಡುತ್ತದೆ.

ಎರಡನೆಯ ನಂಬಿಕೆ ತೊಂದರೆ ಕೊಡುವುದು ಇಲ್ಲಿಯೇ. ಪ್ರಿಂಟರ್‌ಗೆ ತಲುಪಿದ ಫೈಲ್ ಅದರ ಸಣ್ಣ ನೆನಪಿನಲ್ಲಿ ಕೂತಿರುತ್ತದೆ. ಆಫ್ ಮಾಡಿದ ಕ್ಷಣ ಆ ನೆನಪು ಹೋಗುತ್ತದೆ. ಸಿಕ್ಕಿಕೊಂಡ ಪ್ರಿಂಟರ್ ಮತ್ತೆ ಏಳುತ್ತದೆ ನಿಜ, ಆದರೆ ನಿಮ್ಮ ಕಾಗದ ಎರಡೂ ಕಡೆಯಿಂದ ಮಾಯ. ಇನ್ನೊಂದು ಕಡೆ, ಅರ್ಧ ಕಳಿಸುವಾಗ ಸಂಪರ್ಕ ಕಡಿದರೆ ದೂರದ ಯಂತ್ರ ‘ಇನ್ನೂ ತಲುಪಿಲ್ಲ’ ಎಂದು ಮೊದಲಿನಿಂದ ಪೂರ್ತಿ ಕಳಿಸುತ್ತದೆ. ಆಗ ಅದೇ ಕಾಗದ ಎರಡೆರಡು ಸಲ ಬರುತ್ತದೆ. ಆಫ್ ಮಾಡಲೇಬಾರದು ಎಂದು ನಾವು ಹೇಳುತ್ತಿಲ್ಲ. ಸಾಲಿನಲ್ಲಿ ಏನಿದೆ ಎಂದು ನೋಡಿಕೊಂಡು ಮಾಡಿದರೆ ಅದು ರಿಪೇರಿ, ನೋಡದೆ ಮಾಡಿದರೆ ಅದೃಷ್ಟ ಪರೀಕ್ಷೆ.

ಹನ್ನೊಂದು ದೋಣಿಗಳ ತಾರಿ

ಅದೇ 1990ರ ದಾಖಲೆಯಲ್ಲಿ ಒಂದು ಸಣ್ಣ ನಿಯಮ ಇದೆ. ಪ್ರಿಂಟ್ ಕಳಿಸುವ ಯಂತ್ರ ತನ್ನ ಕಡೆಯಿಂದ 721ರಿಂದ 731ರ ವರೆಗಿನ ಪೋರ್ಟ್‌ಗಳನ್ನೇ ಬಳಸಬೇಕು. ಪೋರ್ಟ್ ಅಂದರೆ ನೆಟ್‌ವರ್ಕಿನಲ್ಲಿ ಯಂತ್ರದ ಒಂದೊಂದು ಬಾಗಿಲ ಸಂಖ್ಯೆ ಎಂದುಕೊಳ್ಳಿ. ಎಣಿಸಿದರೆ ಸರಿಯಾಗಿ ಹನ್ನೊಂದು.

ತದಡಿಯ ತಾರಿಯಲ್ಲಿ ಹನ್ನೊಂದೇ ದೋಣಿ ಇವೆ ಎಂದು ಊಹಿಸಿ. ಆಚೆ ದಡ ಮುಟ್ಟಿ ಬಂದ ದೋಣಿ ಕೂಡಲೇ ಹೊರಡುವ ಹಾಗಿಲ್ಲ, ಸ್ವಲ್ಪ ಹೊತ್ತು ಕಟ್ಟಿ ಹಾಕಬೇಕು ಎಂಬ ಕಟ್ಟಳೆ ಬೇರೆ. ನೆಟ್‌ವರ್ಕಿನಲ್ಲೂ ಒಂದು ಸಂಪರ್ಕ ಮುಗಿದ ಮೇಲೆ ಆ ಬಾಗಿಲನ್ನು ಒಂದರಿಂದ ನಾಲ್ಕು ನಿಮಿಷ ಖಾಲಿ ಬಿಡುತ್ತಾರೆ. ಹಳೆಯ ಸಂಪರ್ಕದ ದಾರಿತಪ್ಪಿದ ತುಣುಕು ಹೊಸದಕ್ಕೆ ಸೇರಿಕೊಳ್ಳಬಾರದು ಎಂಬ ಮುನ್ನೆಚ್ಚರಿಕೆ ಅದು. ಈಗ ಒಂದೇ ಪ್ರಿಂಟರ್‌ಗೆ ಒಂದರ ಹಿಂದೆ ಒಂದರಂತೆ ಸಣ್ಣ ಸಣ್ಣ ಚೀಟಿ ಕಳಿಸಿ ನೋಡಿ. ಮೊದಲ ಹನ್ನೊಂದು ಪಟಪಟನೆ ಹೋಗುತ್ತವೆ. ಹನ್ನೆರಡನೆಯದು ನಿಂತುಬಿಡುತ್ತದೆ. ಕೆಲ ನಿಮಿಷ ಬಿಟ್ಟು ತಾನಾಗಿಯೇ ಮತ್ತೆ ಹೊರಡುತ್ತದೆ.

ಇದರಲ್ಲಿ ಕೆಟ್ಟಿರುವುದು ಏನೂ ಇಲ್ಲ. ಸರ್ವರ್ ಸರಿ, ತಂತಿ ಸರಿ, ಪ್ರಿಂಟರ್ ಸರಿ. ನಿಯಮ ಮಾತ್ರ ಬಿಡುವಿಲ್ಲದ ಕೌಂಟರಿಗೆ ಹೊಂದುವುದಿಲ್ಲ. ಹೊಸ ತಂತ್ರಾಂಶಗಳಲ್ಲಿ ಈ ನಿಯಮವನ್ನು ಸಡಿಲಿಸಲು ಅವಕಾಶ ಇದೆ, ಆದರೆ ಯಾರಾದರೂ ಹೋಗಿ ಅದನ್ನು ಬದಲಿಸಬೇಕು. ಜನ ಜಾಸ್ತಿ ಇದ್ದಾಗಲೇ ಕೈಕೊಡುತ್ತದೆ, ಇಂಜಿನಿಯರ್ ಬಂದು ನೋಡುವ ಹೊತ್ತಿಗೆ ಸರಿ ಇರುತ್ತದೆ ಎಂಬ ದೂರಿನ ಹಿಂದೆ ಇಂಥ ಕಾರಣ ಇರಬಹುದು.

‘ಪಿಂಗ್ ಬರುತ್ತಿದೆ, ಅಂದರೆ ನೆಟ್‌ವರ್ಕ್ ಸರಿ ಇದೆ’ ಅನ್ನುವುದೂ ಇಂಥದೇ ಅರ್ಧಸತ್ಯ. ಪಿಂಗ್ ಅಂದರೆ ಗೇಟಿನ ಹೊರಗೆ ನಿಂತು ‘ಯಾರಿದ್ದೀರಿ?’ ಎಂದು ಕೂಗುವುದು. ಒಳಗಿಂದ ‘ಓ’ ಎಂದರೆ ಮನೆಯಲ್ಲಿ ಜನ ಇದ್ದಾರೆ ಎಂದಷ್ಟೇ ಗೊತ್ತಾಯಿತು. ಎಲ್‌ಪಿಡಿ ಕೆಲಸ ನಡೆಯುವುದು ಪ್ರಿಂಟರ್‌ನ 515ನೇ ಬಾಗಿಲಿನಲ್ಲಿ, ಎಚ್‌ಪಿ ಬಳಕೆಗೆ ತಂದ ಇನ್ನೊಂದು ಪದ್ಧತಿಯಲ್ಲಿ 9100ನೇ ಬಾಗಿಲಿನಲ್ಲಿ. ನಡುವಿನ ಫೈರ್‌ವಾಲ್ ಕೂಗಿಗೆ ಅವಕಾಶ ಕೊಟ್ಟು ಆ ಬಾಗಿಲುಗಳನ್ನು ಮುಚ್ಚಿದ್ದರೆ ಪಿಂಗ್ ಬರುತ್ತದೆ, ಪ್ರಿಂಟ್ ಬರುವುದಿಲ್ಲ.

ಮಳೆಗಾಲದ ಎರಡು ಕಾರಣ

ಕರಾವಳಿಗೆ ಮೀಸಲಾದ ಎರಡು ವಿಷಯವನ್ನು ಬೇರೆಯಾಗಿ ಹೇಳಬೇಕು.

ಒಂದು, ಕರೆಂಟ್. ಜೂನ್ ಹಿಡಿದರೆ ನಮ್ಮ ಕಡೆ ಗುಡುಗು ಕೇಳುವ ಮೊದಲೇ ಕರೆಂಟ್ ಹೋಗಿರುತ್ತದೆ. ಪ್ರಿಂಟರ್‌ಗೆ ನೆಟ್‌ವರ್ಕಿನಲ್ಲಿ ಒಂದು ಐಪಿ ವಿಳಾಸ ಇರುತ್ತದೆ. ಬಹಳ ಕಡೆ ಈ ವಿಳಾಸವನ್ನು ಗಟ್ಟಿಯಾಗಿ ಬರೆದಿಟ್ಟಿರುವುದಿಲ್ಲ, ಆನ್ ಆದಾಗ ರೂಟರ್ ಒಂದನ್ನು ಕೊಡುತ್ತದೆ. ಕರೆಂಟ್ ಹೋಗಿ ಬಂದ ಮೇಲೆ ಎಲ್ಲ ಯಂತ್ರಗಳೂ ಒಟ್ಟಿಗೆ ಏಳುತ್ತವೆ. ನಿನ್ನೆ ಪ್ರಿಂಟರ್‌ಗೆ ಇದ್ದ ವಿಳಾಸ ಇಂದು ಪಕ್ಕದ ಕಂಪ್ಯೂಟರಿಗೆ ಸಿಕ್ಕಿರಬಹುದು. ದೂರದ ದೊಡ್ಡ ಯಂತ್ರಕ್ಕೆ ಇದು ಗೊತ್ತಾಗುವುದಿಲ್ಲ, ಅದು ಹಳೆಯ ವಿಳಾಸಕ್ಕೇ ಕಾಗದ ಕಳಿಸುತ್ತ ಕೂರುತ್ತದೆ. ಬಾಡಿಗೆದಾರ ಮನೆ ಬದಲಿಸಿದ ಮೇಲೂ ಅಂಚೆಯಣ್ಣ ಹಳೆಯ ಮನೆಗೆ ಪತ್ರ ಹಾಕಿದ ಹಾಗೆ. ಪ್ರಿಂಟರ್‌ಗೆ ಒಂದೇ ಕಾಯಂ ವಿಳಾಸ ಕೊಟ್ಟು, ಅದನ್ನು ಒಂದು ಚೀಟಿಯಲ್ಲಿ ಬರೆದು ಪ್ರಿಂಟರ್ ಮೈಗೆ ಅಂಟಿಸಿದರೆ ಈ ತೊಂದರೆ ಮುಗಿಯಿತು. ಹತ್ತು ನಿಮಿಷದ ಕೆಲಸ ಇದು. ದುಬಾರಿ ಸರ್ವರ್‌ಗಳ ಬಗ್ಗೆ ನಡೆಯುವ ಚರ್ಚೆಯಲ್ಲಿ ಈ ಚೀಟಿಗೆ ಯಾರೂ ಬೆಲೆ ಕೊಡುವುದಿಲ್ಲ ಎಂಬುದು ನಮ್ಮ ದೂರು.

ಎರಡು, ತೇವ. ಕಾಗದ ಹವೆಯಲ್ಲಿನ ನೀರನ್ನು ಹೀರಿಕೊಳ್ಳುತ್ತದೆ. ಮಳೆಗಾಲದಲ್ಲಿ ಹಪ್ಪಳ ಮೆತ್ತಗಾಗುವ ಹಾಗೆ ಕಾಗದವೂ ಮೆತ್ತಗಾಗಿ ಉಬ್ಬುತ್ತದೆ. ಹಾಳೆಗಳು ಒಂದಕ್ಕೊಂದು ಅಂಟಿಕೊಂಡು ಎರಡು ಒಟ್ಟಿಗೆ ಒಳಗೆ ಹೋಗುತ್ತವೆ. ಲೇಸರ್ ಪ್ರಿಂಟರ್‌ನ ಬಿಸಿ ರೋಲರಿಗೆ ತಾಗಿದಾಗ ಒದ್ದೆ ಹಾಳೆ ಸುರುಳಿಯಾಗುತ್ತದೆ. ಬದಿಯಲ್ಲಿ ತೂತುಗಳಿರುವ ಉದ್ದನೆಯ ಕಾಗದವಾದರೆ ತೂತುಗಳು ಹಲ್ಲಿಗೆ ಸರಿಯಾಗಿ ಕೂರದೆ ಓರೆ ಎಳೆಯುತ್ತದೆ. ಬಂಡಲ್‌ನ ಹೊದಿಕೆಯನ್ನು ಬೇಕಾದಾಗಷ್ಟೇ ಬಿಚ್ಚಿ, ಉಳಿದದ್ದನ್ನು ಪ್ಲಾಸ್ಟಿಕ್‌ನಲ್ಲಿ ಸುತ್ತಿ, ಸಿಮೆಂಟ್ ನೆಲದ ಮೇಲಲ್ಲದೆ ಕಪಾಟಿನಲ್ಲಿ ಇಟ್ಟರೆ ಸಾಕು.

ವಿಚಿತ್ರ ಅಕ್ಷರ ಬಂದರೆ ಹ್ಯಾಕ್ ಆಗಿದೆಯೇ?

ಬಹುತೇಕ ಇಲ್ಲ. ಅಕ್ಷರಗಳನ್ನು ಕಂಪ್ಯೂಟರ್ ಸಂಖ್ಯೆಗಳಾಗಿ ಇಟ್ಟುಕೊಳ್ಳುತ್ತದೆ. ಯಾವ ಅಕ್ಷರಕ್ಕೆ ಯಾವ ಸಂಖ್ಯೆ ಎಂಬ ಪಟ್ಟಿ ಎಲ್ಲ ಕಡೆ ಒಂದೇ ಅಲ್ಲ. ನಮ್ಮ ಸಾಮಾನ್ಯ ಕಂಪ್ಯೂಟರ್, ಪ್ರಿಂಟರ್‌ಗಳ ಪಟ್ಟಿ ಆಸ್ಕಿ. ಅದರಲ್ಲಿ ಇಂಗ್ಲಿಷಿನ ದೊಡ್ಡ ‘ಎ’ ಅಕ್ಷರದ ಸಂಖ್ಯೆ 65. ಐಬಿಎಂ ಮೇನ್‌ಫ್ರೇಮ್‌ಗಳ ಪಟ್ಟಿ ಎಬ್ಸಿಡಿಕ್, ಅದರಲ್ಲಿ ಅದೇ ಅಕ್ಷರ 193. ನಡುವೆ ಪಟ್ಟಿ ಬದಲಿಸುವ ಹೆಜ್ಜೆ ತಪ್ಪಿದರೆ ಪ್ರಿಂಟರ್ ತನಗೆ ಗೊತ್ತಿರುವ ಪಟ್ಟಿಯ ಪ್ರಕಾರ ಗೆರೆ, ಚೌಕ, ಏನೇನೋ ಹೊಡೆಯುತ್ತದೆ. ಇದಕ್ಕೊಂದು ಸುಲಭ ಗುರುತು ಇದೆ. ಎಬ್ಸಿಡಿಕ್‌ನಲ್ಲಿ ಖಾಲಿ ಜಾಗದ ಸಂಖ್ಯೆ 64. ಆಸ್ಕಿಯಲ್ಲಿ 64 ಅಂದರೆ @ ಚಿಹ್ನೆ. ಪುಟದ ತುಂಬ @ ಸಾಲುಗಟ್ಟಿ ನಿಂತಿದ್ದರೆ ಅದು ವೈರಸ್ ಅಲ್ಲ, ಅನುವಾದಕ ರಜೆಯಲ್ಲಿದ್ದಾನೆ ಅಷ್ಟೇ.

ಸಾಲುಗಳು ಮೆಟ್ಟಿಲಿನಂತೆ ಬಲಕ್ಕೆ ಇಳಿಯುತ್ತ ಹೋದರೆ ಅದಕ್ಕೂ ಕಾರಣ ಸಣ್ಣದು. ಹೊಸ ಸಾಲಿಗೆ ಹೋಗಲು ಎರಡು ಆಜ್ಞೆ ಬೇಕು: ಕೆಳಗೆ ಇಳಿ, ಎಡಕ್ಕೆ ವಾಪಸ್ ಬಾ. ಯುನಿಕ್ಸ್ ಜಾತಿಯ ಯಂತ್ರಗಳು ಮೊದಲನೆಯದನ್ನಷ್ಟೇ ಬರೆಯುತ್ತವೆ. ಪ್ರಿಂಟರ್ ಹೇಳಿದಷ್ಟೇ ಮಾಡುತ್ತದೆ, ಕೆಳಗೆ ಇಳಿಯುತ್ತದೆ, ಎಡಕ್ಕೆ ಬರುವುದಿಲ್ಲ. ಮೇನ್‌ಫ್ರೇಮ್ ವರದಿಗಳಲ್ಲಿ ಇನ್ನೊಂದು ಕಥೆ. ಪ್ರತಿ ಸಾಲಿನ ಮೊದಲ ಅಕ್ಷರ ಓದಲು ಅಲ್ಲ, ಪ್ರಿಂಟರ್‌ಗೆ ಆಜ್ಞೆ ಕೊಡಲು. ಅಲ್ಲಿ 1 ಇದ್ದರೆ ಹೊಸ ಪುಟ, 0 ಇದ್ದರೆ ಒಂದು ಸಾಲು ಬಿಟ್ಟು ಬರೆ. ಇದು ತಿಳಿಯದ ಪ್ರಿಂಟರ್ ಆ 1, 0ಗಳನ್ನೂ ಎಡ ಅಂಚಿನಲ್ಲಿ ಶ್ರದ್ಧೆಯಿಂದ ಹೊಡೆದು, ಪುಟ ಬದಲಿಸದೆ ಮುಂದುವರಿಯುತ್ತದೆ. ಮೊತ್ತದ ಅಂಕಣದ ಪಕ್ಕದಲ್ಲಿ ಅಂಥ 1 ಬಂದು ಕೂತರೆ ಎಂಥ ಗೊಂದಲವಾಗಬಹುದು ಎಂದು ನೀವೇ ಊಹಿಸಿ.

ಕನ್ನಡದ ವಿಷಯದಲ್ಲಿ ಈ ತೊಡಕು ನಮಗೆಲ್ಲ ಪರಿಚಿತ. ನುಡಿ, ಬರಹದ ಹಳೆಯ ಫಾಂಟ್‌ಗಳಲ್ಲಿ ಕನ್ನಡ ಅಕ್ಷರದ ಚಿತ್ರಗಳನ್ನು ಇಂಗ್ಲಿಷ್ ಅಕ್ಷರ, ಚಿಹ್ನೆಗಳ ಸಂಖ್ಯೆಯ ಮೇಲೆಯೇ ಕೂರಿಸಿದ್ದರು. ಆ ಫಾಂಟ್ ಇರುವ ಯಂತ್ರದಲ್ಲಿ ಅದು ಕನ್ನಡ. ಇಲ್ಲದ ಯಂತ್ರದಲ್ಲಿ, ಪ್ರಿಂಟರ್‌ನಲ್ಲಿ, ತಲೆಬುಡವಿಲ್ಲದ ಇಂಗ್ಲಿಷ್ ಅಕ್ಷರಗಳ ರಾಶಿ. ಯೂನಿಕೋಡ್ ಕನ್ನಡಕ್ಕೆಂದೇ 128 ಸ್ಥಾನಗಳ ಪ್ರತ್ಯೇಕ ಜಾಗ ಕೊಟ್ಟಿದೆ, ಅಲ್ಲಿ ಈ ಗೊಂದಲ ಇಲ್ಲ. ಆದರೆ ಕೌಂಟರಿನ ಡಾಟ್ ಮ್ಯಾಟ್ರಿಕ್ಸ್ ಪ್ರಿಂಟರ್‌ನ ಹೊಟ್ಟೆಯಲ್ಲಿ ಸಾಮಾನ್ಯವಾಗಿ ಇರುವುದು ಇಂಗ್ಲಿಷ್ ಅಕ್ಷರ ಮಾತ್ರ. ಕನ್ನಡ ಬೇಕೆಂದರೆ ಕಂಪ್ಯೂಟರ್ ಇಡೀ ಸಾಲನ್ನು ಚಿತ್ರವಾಗಿ ಮಾಡಿ ಚುಕ್ಕಿ ಚುಕ್ಕಿಯಾಗಿ ಕಳಿಸಬೇಕು, ಆಗ ಮುದ್ರಣ ಬಹಳ ನಿಧಾನ. ಪಾಸ್‌ಬುಕ್ ಸಾಲುಗಳು ಇಂಗ್ಲಿಷಿನಲ್ಲೇ ಉಳಿದುಕೊಂಡಿರುವುದಕ್ಕೆ ಮನಸ್ಸಿನ ಕೊರತೆಯ ಜೊತೆಗೆ ಇದೂ ಒಂದು ಕಾರಣ ಎಂದು ನಮಗನ್ನಿಸುತ್ತದೆ. ಮನಸ್ಸಿದ್ದರೆ ಇದನ್ನು ದಾಟಲು ಆಗುವುದಿಲ್ಲ ಎಂದೇನಲ್ಲ, ಪಹಣಿ ಕನ್ನಡದಲ್ಲೇ ಬರುತ್ತಿದೆಯಲ್ಲ.

ಹಾಗಾದರೆ ಹ್ಯಾಕ್ ಅನ್ನುವುದು ಪೂರ್ತಿ ಸುಳ್ಳೇ? ಅಲ್ಲ. 2018ರ ನವೆಂಬರ್ ಕೊನೆಯಲ್ಲಿ ಒಬ್ಬ ಹ್ಯಾಕರ್ ಇಂಟರ್ನೆಟ್ಟಿಗೆ ನೇರವಾಗಿ ತೆರೆದಿದ್ದ ಪ್ರಿಂಟರ್‌ಗಳನ್ನು ಹುಡುಕಿ, ಪ್ಯೂಡಿಪೈ ಎಂಬ ಯೂಟ್ಯೂಬ್ ಚಾನೆಲ್‌ಗೆ ಸಬ್‌ಸ್ಕ್ರೈಬ್ ಆಗಿ ಎಂಬ ಚೀಟಿ ಹೊಡೆಸಿದ. ಸುಮಾರು 50,000 ಪ್ರಿಂಟರ್ ಎಂದು ಅವನೇ ಹೇಳಿಕೊಂಡ. ಅವನು ಬೀಗ ಮುರಿಯಲಿಲ್ಲ. 9100ನೇ ಬಾಗಿಲು ಹೊರಗಿನವರಿಗೂ ತೆರೆದೇ ಇತ್ತು, ಯಾರು ಕಳಿಸಿದರೂ ಮುದ್ರಿಸುವುದು ಆ ಪದ್ಧತಿಯ ಸ್ವಭಾವ. ಹಾಗಾಗಿ ಸ್ಪಷ್ಟವಾಗಿ ಓದಬಹುದಾದ, ನಿಮ್ಮ ಕಚೇರಿಗೆ ಸಂಬಂಧವೇ ಇಲ್ಲದ ಬರಹ ತಾನಾಗಿ ಬಂದರೆ ಎಚ್ಚರವಾಗಬೇಕು. ಅರ್ಥವಾಗದ ಚಿಹ್ನೆಗಳ ರಾಶಿ ಬಂದರೆ ಅದು ಹೆಚ್ಚಾಗಿ ಪಟ್ಟಿಯ ಎಡವಟ್ಟು.

ಕೌಂಟರಿನಲ್ಲಿ ಕೇಳಬೇಕಾದ ಒಂದು ಪ್ರಶ್ನೆ

ಈಗ ಮೊದಲ ನಂಬಿಕೆಗೆ ಬರೋಣ. ಕಾಗದ ಬರಲಿಲ್ಲ, ಹಾಗಾಗಿ ಕೆಲಸ ಆಗಿಲ್ಲ. ಮೇಲಿನದನ್ನೆಲ್ಲ ಓದಿದವರಿಗೆ ಇದರ ತಪ್ಪು ಕಾಣುತ್ತಿರಬೇಕು. ಲೆಕ್ಕ ಬರೆಯುವುದು ಮೊದಲು, ಮುದ್ರಣ ಆಮೇಲೆ. ಇವೆರಡರ ನಡುವೆ ಎಲ್ಲಿ ಬೇಕಾದರೂ ದಾರಿ ಕಡಿಯಬಹುದು. ಹಾಗಾಗಿ ‘ಯಾವಾಗ ಸರಿಯಾಗುತ್ತದೆ?’ ಎಂದು ಕೇಳುವ ಮೊದಲು ‘ಎಂಟ್ರಿ ಆಗಿದೆಯಾ? ನಂಬರ್ ಬಂತಾ?’ ಎಂದು ಕೇಳಿ.

ತತ್ಕಾಲ್ ಟಿಕೆಟ್ ತೆಗೆದುಕೊಳ್ಳಿ. ಎಸಿ ದರ್ಜೆಗೆ ಬೆಳಿಗ್ಗೆ 10ಕ್ಕೆ, ಉಳಿದದ್ದಕ್ಕೆ 11ಕ್ಕೆ ಬುಕಿಂಗ್ ತೆರೆಯುತ್ತದೆ. ಮುಂಬಯಿಗೆ ಹೋಗುವ ರೈಲಿಗೆ ಸೀಟು ಸಿಕ್ಕಿತು, ಪಿಎನ್‌ಆರ್ ಹುಟ್ಟಿತು, ಅಷ್ಟರಲ್ಲಿ ಪ್ರಿಂಟರ್ ನಿಂತಿತು ಎಂದಿಟ್ಟುಕೊಳ್ಳಿ. ‘ಸರ್ವರ್ ಡೌನ್’ ಎಂದು ಕೇಳಿದ ಕೂಡಲೇ ಹೊರಗೆ ಬಂದು ಫೋನಿನಲ್ಲಿ ಅದೇ ರೈಲಿಗೆ ಇನ್ನೊಂದು ಟಿಕೆಟ್ ಬುಕ್ ಮಾಡಿದರೆ ನಿಮ್ಮ ಹೆಸರಿನಲ್ಲಿ ಎರಡು ಸೀಟು. ಖಚಿತವಾದ ತತ್ಕಾಲ್ ಟಿಕೆಟ್ ರದ್ದು ಮಾಡಿದರೆ ಸಾಮಾನ್ಯವಾಗಿ ದುಡ್ಡು ವಾಪಸ್ ಇಲ್ಲ ಎಂಬುದು ನಿಮಗೆ ಗೊತ್ತೇ ಇದೆ.

ಹತ್ತು ಅಂಕಿಯ ಪಿಎನ್‌ಆರ್ ಬಂದಿದ್ದರೆ ಟಿಕೆಟ್ ವ್ಯವಸ್ಥೆಯಲ್ಲಿ ಇದೆ. ಫಾರ್ಮಿನಲ್ಲಿ ಮೊಬೈಲ್ ನಂಬರ್ ಬರೆದಿದ್ದರೆ ಎಸ್‌ಎಂಎಸ್ ಕೂಡ ಬರುತ್ತದೆ, 139ಕ್ಕೆ ಕರೆ ಮಾಡಿಯೂ ಕೇಳಬಹುದು. ಆದರೆ ಇಲ್ಲೊಂದು ಸೂಕ್ಷ್ಮ ಇದೆ. ಫೋನಿನಲ್ಲಿ ತೆಗೆದ ಇ-ಟಿಕೆಟ್‌ಗೆ ಸಂದೇಶ ಮತ್ತು ಗುರುತಿನ ಚೀಟಿ ಸಾಕು. ಕೌಂಟರಿನಲ್ಲಿ ತೆಗೆದ ಟಿಕೆಟ್‌ಗೆ ಆ ಕಾಗದವೇ ಟಿಕೆಟ್, ಎಸ್‌ಎಂಎಸ್ ತೋರಿಸಿದರೆ ನಡೆಯುವುದಿಲ್ಲ. ಹಾಗಾಗಿ ಅಲ್ಲಿಂದ ಕದಲಬೇಡಿ. ಆ ಕಾಗದದ ಮೇಲೆ ಮೊದಲೇ ಮುದ್ರಿಸಿದ ಕ್ರಮಸಂಖ್ಯೆ ಇರುತ್ತದೆ, ಒಂದೊಂದಕ್ಕೂ ಲೆಕ್ಕ ಕೊಡಬೇಕು. ಗುಮಾಸ್ತರು ಸುಮ್ಮನೆ ಇನ್ನೊಂದು ಹಾಳೆ ಹಾಕಿ ಹೊಡೆಯಲು ಆಗುವುದಿಲ್ಲ. ಅರ್ಧ ಮುದ್ರಣವಾದದ್ದನ್ನು ‘ನಾನ್ ಇಶ್ಯೂ’ ಎಂದು ಲೆಕ್ಕಕ್ಕೆ ಹಾಕುವ ಕ್ರಮ ಇದೆ. ಅದಕ್ಕೆ ಸ್ವಲ್ಪ ಹೊತ್ತು ಬೇಕು, ಹಿಂದಿನ ಸಾಲಿನವರು ಗೊಣಗುತ್ತಾರೆ, ಗೊಣಗಲಿ ಬಿಡಿ.

ಪಾಸ್‌ಬುಕ್ ಹಾಗಲ್ಲ. ಅದು ಬ್ಯಾಂಕಿನ ಲೆಕ್ಕದ ಒಂದು ನಕಲು ಮಾತ್ರ. ಸಾಲು ಮುದ್ರಣವಾಗದಿದ್ದರೂ ಪಿಂಚಣಿ ಖಾತೆಯಲ್ಲಿ ಇದ್ದೇ ಇರುತ್ತದೆ, ಬಾಕಿ ಹಣ ಎಷ್ಟೆಂದು ಕೇಳಿ ತಿಳಿದುಕೊಂಡು ಮುದ್ರಣಕ್ಕೆ ಇನ್ನೊಂದು ದಿನ ಬರಬಹುದು. ದುಡ್ಡು ಕಟ್ಟಿದಾಗ ಮಾತ್ರ ಬೇರೆ ಮಾತು. ಪ್ರಿಂಟ್ ಬರದಿದ್ದರೆ ಕಟ್ಟಿದ ಚಲನ್‌ನ ನಿಮ್ಮ ಭಾಗದ ಮೇಲೆ ಸೀಲು, ಸಹಿ ಹಾಕಿಸಿಕೊಳ್ಳದೆ ಬರಬೇಡಿ. ಪಹಣಿಯ ಮೂಲವೂ ಭೂಮಿ ವ್ಯವಸ್ಥೆಯ ದತ್ತಾಂಶದಲ್ಲಿದೆ. ಒಂದು ಕಡೆ ಪ್ರಿಂಟರ್ ಕೆಟ್ಟರೆ ಇನ್ನೊಂದು ಕಡೆಯಿಂದ, ಇಲ್ಲವೇ ಆನ್‌ಲೈನ್‌ನಲ್ಲಿ ತೆಗೆಯಬಹುದು.

ಇನ್ನೊಂದು ಮಾತನ್ನು ಒಳಗೆ ಕೂತವರಿಗೆ ಹೇಳಬೇಕು. ಗಂಟೆಗಟ್ಟಲೆ ನಿಂತ ಸಾಲು ಸರಿಹೋದಾಗ ಅದರಲ್ಲಿದ್ದ ಎಲ್ಲ ಕಾಗದಗಳೂ ಒಮ್ಮೆಲೇ ಹೊರಗೆ ಬೀಳುತ್ತವೆ. ಅಷ್ಟರಲ್ಲಿ ಅವುಗಳ ವಾರಸುದಾರರು ಮನೆಗೆ ಹೋಗಿರುತ್ತಾರೆ. ಯಾರದೋ ಖಾತೆ ವಿವರ, ಯಾರದೋ ಆಧಾರ್ ಸಂಖ್ಯೆ ಇರುವ ಹಾಳೆಗಳು ಟ್ರೇಯಲ್ಲಿ ಎಲ್ಲರ ಕಣ್ಣಿಗೆ ಬೀಳುವಂತೆ ಬಿದ್ದಿರುತ್ತವೆ. ಸಾಲನ್ನು ಮತ್ತೆ ಶುರು ಮಾಡುವ ಮೊದಲು ಹಳೆಯ ಕೆಲಸಗಳನ್ನು ಅಳಿಸುವುದು ಒಂದು ನಿಮಿಷದ ಆಜ್ಞೆ. ಅಳಿಸದಿದ್ದರೆ ಆ ಹಾಳೆಗಳ ಹಿಂಬದಿಯಲ್ಲಿ ಮರುದಿನ ಯಾರೋ ಟೋಕನ್ ನಂಬರ್ ಬರೆದು ಹಂಚುತ್ತಿರುತ್ತಾರೆ.